ಗ್ರಿಪ್ಪರ್ ಪೇಟೆಂಟ್ ಆಬ್ವಿಯಸ್ಸಾ, ಅಲ್ವಾ? ದುಡ್ಡು ಕೊಟ್ಟು ತರಿಸಿದ ವರದಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ ಅಂಕ. ಮೊದಲು ಕಳಿಸಿದ ವರದಿಗೆ ಎರಡೂವರೆಗಿಂತ ಜಾಸ್ತಿ ಕೊಡುತ್ತಿರಲಿಲ್ಲ. ನಾವು ಕೇಳಿದ ಪ್ರಶ್ನೆಗಳನ್ನು ಓದಿ, ಯೋಚನೆ ಮಾಡಿ, ತಿದ್ದಿ ಎರಡನೇ ಸಲ ಕಳಿಸಿದರಲ್ಲ, ಅದಕ್ಕೆ ಒಂದು ಅಂಕ ಏರಿತು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಯಾಕಂದ್ರೆ ಇಲ್ಲಿ ಹೇಳುವ ಕೊರತೆ ಇವರೊಬ್ಬರದ್ದಲ್ಲ, ಈ ಥರದ ವರದಿ ಬರೆಯುವ ಬಹಳ ಜನರಿಗೆ ಇರುವ ಅಭ್ಯಾಸ. ನೀವೂ ಮೆಷಿನ್ ಮಾಡುವವರಾಗಿದ್ದು, ಬೇರೆಯವರ ಪೇಟೆಂಟ್ ಎದುರಿಗೆ ಬಂದು ನಿಂತಿದ್ದರೆ ಇದನ್ನು ಪೂರ್ತಿ ಓದಿ.

ಸೇವೆ ಏನು ಅಂತ ಮೊದಲು ಹೇಳುತ್ತೇನೆ. ನೀವು ಒಂದು ಪೇಟೆಂಟ್ ನಂಬರ್ ಕೊಡುತ್ತೀರಿ. ಅವರು ಅದರ ಕ್ಲೇಮ್‌ಗಳನ್ನು, ಅಂದ್ರೆ ಯಾವುದರ ಮೇಲೆ ಹಕ್ಕು ಅಂತ ಹೇಳುವ ಸಾಲುಗಳನ್ನು ಓದಿ, ಆ ಪೇಟೆಂಟ್‌ನ ಪ್ರಯಾರಿಟಿ ದಿನಾಂಕಕ್ಕಿಂತ (ಮೊದಲ ಅರ್ಜಿ ಹಾಕಿದ ದಿನ) ಮುಂಚೆ ಪ್ರಕಟವಾದ ಪೇಟೆಂಟ್, ಕ್ಯಾಟಲಾಗ್, ಲೇಖನ ಎಲ್ಲ ಹುಡುಕುತ್ತಾರೆ. ಆಮೇಲೆ ಆ ಕೆಲಸ ಗೊತ್ತಿರುವ ಒಬ್ಬ ಸಾಮಾನ್ಯ ಎಂಜಿನಿಯರಿಗೆ ಅಂದಿನ ದಿನ ಈ ಕ್ಲೇಮ್ ಸಹಜವಾಗಿ ಹೊಳೆಯುತ್ತಿತ್ತಾ ಇಲ್ವಾ ಅಂತ ಅಭಿಪ್ರಾಯ ಬರೆದುಕೊಡುತ್ತಾರೆ. ಹೊಳೆಯುತ್ತಿತ್ತು ಅಂದ್ರೆ ಆ ಕ್ಲೇಮ್ ಆಬ್ವಿಯಸ್, ಅದು ನಿಲ್ಲಬಾರದು. ನಮಗೆ ಇದು ಬೇಕಾದದ್ದು ಯಾಕೆ ಅಂದ್ರೆ, ನಾವು ಡ್ರಾಯಿಂಗ್ ಮುಗಿಸಿದ್ದ ಗ್ರಿಪ್ಪರ್‌ಗೂ (ಮೆಷಿನ್‌ನಲ್ಲಿ ವಸ್ತುವನ್ನು ಹಿಡಿಯುವ ಸಾಧನ) ಬೇರೆ ಕಂಪನಿಯ ಒಂದು ಪೇಟೆಂಟ್‌ಗೂ ತುಂಬಾ ಹೋಲಿಕೆ ಇತ್ತು. ಮೆಷಿನ್ ಬೇರೆ ಬೇರೆ ದೇಶಕ್ಕೆ ಹೋಗುವಂಥದ್ದು. ಹಾಗಾಗಿ ಭಾರತ, ಅಮೆರಿಕ, ಯುರೋಪ್ ಮೂರೂ ಕಡೆಯ ಲೆಕ್ಕದಲ್ಲಿ ನೋಡಿ ಅಂತ ಕೇಳಿದ್ದೆವು.

ಕ್ಲೇಮ್ ಏನು ಹೇಳುತ್ತದೆ ಅಂತ ಗೊತ್ತಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ. ಕ್ಲೇಮ್ 1 ಹೀಗಿತ್ತು, ನನ್ನ ಮಾತಲ್ಲಿ: ಒಂದು ಬಾಡಿ, ಒಳಗೆ ಗಾಳಿಯ ಒತ್ತಡಕ್ಕೆ ಓಡುವ ಪಿಸ್ಟನ್, ಪಿಸ್ಟನ್ ತುದಿಗೆ ಒಂದು ಬೆಣೆ, ಬೆಣೆ ಜಾರಿದಂತೆ ಎದುರುಬದುರಾಗಿ ಸರಿಯುವ ಎರಡು ದವಡೆ, ಗಾಳಿ ನಿಂತರೂ ಹಿಡಿತ ಬಿಡದಂತೆ ಒಂದು ಸ್ಪ್ರಿಂಗ್. ಇಷ್ಟರ ಮೇಲೆ, ಪ್ರತಿ ದವಡೆಯ ಒಳಮುಖಕ್ಕೆ ಪಿನ್ ಮೇಲೆ ತಿರುಗುವ ಒಂದು ಪ್ಯಾಡ್. ಜಾಬ್, ಅಂದ್ರೆ ಹಿಡಿಯಬೇಕಾದ ತುಂಡು, ಸ್ವಲ್ಪ ಟೇಪರ್ (ಒಂದು ಕಡೆಗೆ ಕಿರಿದಾಗುವಂತೆ) ಇದ್ದರೂ ಪ್ಯಾಡ್ ತಾನೇ ತಿರುಗಿ ಪೂರ್ತಿ ಮುಖ ಕೂರುತ್ತದೆ. ಕ್ಲೇಮ್ 4ರಲ್ಲಿ ಇನ್ನೊಂದು ಹೆಜ್ಜೆ: ಆ ಪ್ಯಾಡ್ ಸುಮ್ನೆ ಸಡಿಲವಾಗಿ ನೇತಾಡುವುದಿಲ್ಲ. ದವಡೆ ತೆರೆದಿರುವಾಗ ಒಂದು ಚಿಕ್ಕ ಪಟ್ಟಿ ಸ್ಪ್ರಿಂಗ್ ಅದನ್ನು ಓರೆಯಾಗಿ ಹಿಡಿದಿರುತ್ತದೆ. ತುದಿ ಕಡೆ ಬಾಯಿ ಅಗಲ, ಬಾಡಿ ಕಡೆ ಕಿರಿದು. ದವಡೆ ಮುಚ್ಚುವಾಗ ಪ್ಯಾಡ್‌ನ ಬಾಡಿ ಕಡೆಯ ಅಂಚು ಜಾಬ್‌ಗೆ ಮೊದಲು ತಾಗುತ್ತದೆ, ಆಮೇಲೆ ಪ್ಯಾಡ್ ನೆಟ್ಟಗಾಗುತ್ತಾ ಜಾಬನ್ನು ಬಾಡಿಯ ಕಡೆಗೆ ಎಳೆದು ಕೂರಿಸುತ್ತದೆ.

ಈಗ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಹುಡುಕಾಟ ನಿಜವಾಗಿ ಚೆನ್ನಾಗಿತ್ತು. ಗ್ರಿಪ್ಪರ್ ಅಂದ ತಕ್ಷಣ ಎಲ್ಲರೂ ಹೋಗುವುದು ಬಿ25ಜೆ 15 ಅನ್ನುವ ಪೇಟೆಂಟ್ ವರ್ಗಕ್ಕೆ, ರೋಬೋಟ್ ಕೈಗಳ ಹಿಡಿಯುವ ತಲೆಗಳೆಲ್ಲ ಅಲ್ಲೇ ಇರುತ್ತವೆ. ಇವರು ಅಲ್ಲಿಗೆ ನಿಲ್ಲಿಸಲಿಲ್ಲ. ಕ್ಲಾಂಪ್‌ಗಳಿರುವ ಬಿ25ಬಿ 5, ವೈಸ್‌ಗಳಿರುವ ಬಿ25ಬಿ 1, ಲೇತ್ ಚಕ್‌ಗಳಿರುವ ಬಿ23ಬಿ 31, ಕ್ರೇನಿನ ಕೊಂಡಿ ಇಕ್ಕಳಗಳಿರುವ ಬಿ66ಸಿ 1 ಎಲ್ಲವನ್ನೂ ತಿರುವಿ ಹಾಕಿದ್ದರು. ಹಿಡಿಯುವ ಸಾಧನದ ವಿಷಯದಲ್ಲಿ ಇದು ಬಹಳ ಮುಖ್ಯ. ಒಂದೇ ಯುಕ್ತಿ ಬಡಗಿಯ ಕ್ಲಾಂಪ್‌ನಲ್ಲಿ, ಫಿಟ್ಟರ್‌ನ ವೈಸ್‌ನಲ್ಲಿ, ಲೇತ್ ಚಕ್‌ನಲ್ಲಿ ಬೇರೆ ಬೇರೆ ಹೆಸರಲ್ಲಿ ಕೂತಿರುತ್ತದೆ. ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ, ಚಿತ್ರ ನೋಡುತ್ತಾ ಹೋಗಬೇಕು. ಇವರ ಕಡೆ ಯಾರೋ ಕೂತು ಚಿತ್ರ ನೋಡಿದ್ದಾರೆ ಅನ್ನೋದು ವರದಿ ಓದಿದರೆ ಗೊತ್ತಾಗುತ್ತದೆ.

ಸಿಕ್ಕಿದ್ದರಲ್ಲಿ ಮುಖ್ಯವಾದವು ಮೂರು. ಒಂದು, ಹಳೆಯ ಪ್ಯಾರಲಲ್ ಗ್ರಿಪ್ಪರ್ ಪೇಟೆಂಟ್. ಪಿಸ್ಟನ್, ಬೆಣೆ, ಎರಡು ದವಡೆ, ಗಾಳಿ ಹೋದಾಗ ಹಿಡಿಯುವ ಸ್ಪ್ರಿಂಗ್ ಎಲ್ಲ ಇದರಲ್ಲಿದೆ. ಪ್ಯಾಡ್ ಮಾತ್ರ ಬೋಲ್ಟ್ ಹಾಕಿ ಬಿಗಿದದ್ದು. ಎರಡು, ಒಂದು ಜಿ ಕ್ಲಾಂಪ್, ಅದರ ಸ್ಕ್ರೂ ತುದಿಯಲ್ಲಿ ಓರೆ ಮುಖಕ್ಕೂ ಹೊಂದಿಕೊಳ್ಳುವ ತಿರುಗುವ ಪ್ಯಾಡ್. ಮೂರು, ಜಾಬನ್ನು ಒತ್ತುವುದರ ಜೊತೆಗೆ ಕೆಳಕ್ಕೂ ಎಳೆದು ಕೂರಿಸುವ ಮೆಷಿನ್ ವೈಸ್. ಕ್ಲೇಮ್‌ನ ಪ್ರತಿ ತುಂಡನ್ನು ಎಡಗಡೆ, ಅದು ಯಾವ ದಾಖಲೆಯ ಯಾವ ಚಿತ್ರದಲ್ಲಿ ಯಾವ ನಂಬರಿನ ಭಾಗ ಅನ್ನೋದನ್ನು ಬಲಗಡೆ ಹಾಕಿದ ಕ್ಲೇಮ್ ಚಾರ್ಟ್ ಕೊಟ್ಟಿದ್ದರು. ಶುದ್ಧ ಕೆಲಸ. ಅದರಲ್ಲಿ ನಾನು ಹುಡುಕಿದರೂ ತಪ್ಪು ಸಿಗಲಿಲ್ಲ.

ಕ್ಲೇಮ್ 1ರ ತೀರ್ಮಾನವೂ ಸರಿಯಾಗಿತ್ತು, ತೀರ್ಮಾನಕ್ಕೆ ಬಂದ ದಾರಿಯೂ ಸರಿಯಾಗಿತ್ತು. ಎಲ್ಲ ಭಾಗ ಹಳೆಯ ದಾಖಲೆಗಳಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಕ್ಲೇಮ್ ಬಿದ್ದುಹೋಗುವುದಿಲ್ಲ. ಯಾವ ಮೆಷಿನ್ ತಗೊಂಡರೂ ಬಿಡಿ ಭಾಗಗಳೆಲ್ಲ ಹಳೆಯವೇ ಆಗಿರುತ್ತವೆ. ಅವನ್ನು ಒಟ್ಟಿಗೆ ತರಲು ಆ ಎಂಜಿನಿಯರಿಗೆ ಏನು ಕಾರಣ ಇತ್ತು ಅನ್ನೋದೇ ಪ್ರಶ್ನೆ. ಇಲ್ಲಿ ಕಾರಣ ಮೊದಲ ದಾಖಲೆಯಲ್ಲೇ ಇತ್ತು. ಟೇಪರ್ ಜಾಬ್ ಬಂದರೆ ಆ ಟೇಪರ್‌ಗೆ ತಕ್ಕಂತೆ ಪ್ಯಾಡ್ ಕಡಿದು ಬದಲಿಸಬೇಕು ಅಂತ ಅದರಲ್ಲಿ ಬರೆದಿದೆ. ಜಾಬ್ ಬದಲಾದಾಗೆಲ್ಲ ಪ್ಯಾಡ್ ಬದಲಿಸುವುದು ಎಷ್ಟು ರಗಳೆ ಅಂತ ಶಾಪ್‌ನಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಆ ರಗಳೆ ಇರುವವನ ಬೆಂಚ್ ಮೇಲೆ ಅದೇ ತೊಂದರೆಗೆ ಉತ್ತರವಾದ ತಿರುಗುವ ಪ್ಯಾಡ್ ಇರುವ ಜಿ ಕ್ಲಾಂಪ್ ಇದೆ. ತಂದು ಹಾಕಿದರೆ ಏನಾಗುತ್ತದೆ ಅಂತ ಮೊದಲೇ ಊಹಿಸಬಹುದು, ಊಹಿಸಿದ್ದೇ ಆಗುತ್ತದೆ. ಮೊದಲ ದಾಖಲೆ ಪ್ಯಾಡನ್ನು ಬಿಗಿಯಾಗಿ ಬೋಲ್ಟ್ ಮಾಡಿದೆಯಲ್ಲ, ಅದು ತಿರುಗುವ ಪ್ಯಾಡ್ ಬೇಡ ಅಂದಂತೆ ಆಗಲಿಲ್ವಾ ಅನ್ನುವ ಆಕ್ಷೇಪವನ್ನೂ ಇವರೇ ಎತ್ತಿ ಉತ್ತರಿಸಿದ್ದರು: ಒಂದು ದಾರಿ ತೋರಿಸಿದ ಮಾತ್ರಕ್ಕೆ ಇನ್ನೊಂದು ದಾರಿ ಬೇಡ ಅಂದ ಹಾಗಲ್ಲ, ಬೇಡ ಅಂತ ಹೇಳಿರಬೇಕು ಅಥವಾ ಹೋದರೆ ಕೆಲಸ ಕೆಡುತ್ತದೆ ಅಂತ ಕಾಣಬೇಕು. ಓದಿ ಖುಷಿಯಾಯಿತು.

ಕಷ್ಟ ಶುರುವಾದದ್ದು ಕ್ಲೇಮ್ 4ರಲ್ಲಿ.

ಮೊದಲ ವರದಿಯಲ್ಲಿ ಕ್ಲೇಮ್ 4ಕ್ಕೆ ಸಿಕ್ಕಿದ್ದು ಒಂದು ಪ್ಯಾರಾ. ಅದರ ಸಾರ ಇಷ್ಟೇ: ಒತ್ತುತ್ತಲೇ ಎಳೆದು ಕೂರಿಸುವುದು ವೈಸ್‌ಗಳಲ್ಲಿ ಮೊದಲೇ ಇದೆ, ಅದನ್ನು ಗ್ರಿಪ್ಪರ್‌ಗೆ ತರುವುದು ಸಾಮಾನ್ಯ ಎಂಜಿನಿಯರಿಗೆ ಸಹಜ, ಸ್ಪ್ರಿಂಗ್ ಎಲ್ಲಿ ಹಾಕಬೇಕು ಅನ್ನೋದು ಡಿಸೈನ್ ಆಯ್ಕೆಯ ವಿಷಯ, ಆದ್ದರಿಂದ ಕ್ಲೇಮ್ 4 ಕೂಡ ಆಬ್ವಿಯಸ್. ನಮಗೆ ಬೇಕಾದ ಉತ್ತರ ಅದೇ. ಆದರೆ ಬೇಕಾದ ಉತ್ತರ ಬಂತು ಅಂತ ಸುಮ್ಮನಾಗಲು ಆಗಲಿಲ್ಲ. ಆ ವರದಿಯ ಮೇಲೆ ನಂಬಿಕೆ ಇಟ್ಟು ಟೂಲಿಂಗ್‌ಗೆ ದುಡ್ಡು ಹಾಕುವವರು ನಾವು.

ವೈಸ್ ದಾಖಲೆಯನ್ನು ತೆಗೆದು ನೋಡಿದೆ. ಅದರಲ್ಲಿ ಸ್ಕ್ರೂ ನಟ್‌ಗೂ ಚಲಿಸುವ ದವಡೆಗೂ ನಡುವೆ ಒಂದು ಅರ್ಧಗೋಳದ ತುಂಡು ಇದೆ, ಅದು ಓರೆ ಮುಖದ ಮೇಲೆ ಕೂತಿದೆ. ಸ್ಕ್ರೂ ಒತ್ತಿದಾಗ ಒತ್ತಡದ ಒಂದು ಪಾಲು ಕೆಳಕ್ಕೆ ತಿರುಗುತ್ತದೆ, ದವಡೆ ಮೇಲೇಳದೆ ಹಾಸಿಗೆಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಪ್ಯಾಡ್ ಓರೆ ಇಲ್ಲ. ಓರೆ ಹಿಡಿಯುವ ಸ್ಪ್ರಿಂಗ್ ಇಲ್ಲ. ಒಂದು ಅಂಚು ಮೊದಲು ತಾಗುವ ಮಾತೇ ಇಲ್ಲ. ಅಂದ್ರೆ ಗ್ರಿಪ್ಪರ್ ಮತ್ತು ವೈಸ್ ಎರಡನ್ನೂ ಪೂರ್ತಿ ಸೇರಿಸಿದರೂ ಕ್ಲೇಮ್ 4 ಬರುವುದಿಲ್ಲ, ನಡುವೆ ಒಂದು ತೂತು ಉಳಿಯುತ್ತದೆ. ಆ ತೂತನ್ನು ವರದಿ ‘ಡಿಸೈನ್ ಆಯ್ಕೆ’ ಅನ್ನುವ ಎರಡು ಪದದಿಂದ ಮುಚ್ಚಿತ್ತು.

ಇದು ಬರೀ ಆಯ್ಕೆಯ ವಿಷಯವೇ ಅಂತ ಲೆಕ್ಕ ಹಾಕಿ ನೋಡಿ. ಪಿನ್‌ನ ನಡುವಿನಿಂದ ಪ್ಯಾಡ್‌ನ ಮುಖಕ್ಕೆ 10 ಮಿ.ಮೀ. ದೂರ ಇದೆ ಅಂತ ಇಟ್ಟುಕೊಳ್ಳಿ, ಪ್ಯಾಡ್ 5 ಡಿಗ್ರಿ ಓರೆ ಇದೆ. ಅದು ನೆಟ್ಟಗಾಗುವಾಗ ಮುಖ ಬಾಡಿಯ ಕಡೆಗೆ ಸುಮಾರು 0.87 ಮಿ.ಮೀ. ಸರಿಯುತ್ತದೆ. ಜಾಬ್ ಜಾರದೆ ಇದ್ದರೆ ಅದೂ ಅಷ್ಟೇ ಸರಿಯುತ್ತದೆ. ಈಗ ಓರೆಯನ್ನು ಉಲ್ಟಾ ಮಾಡಿ, ತುದಿ ಕಡೆಯ ಅಂಚು ಮೊದಲು ತಾಗುವಂತೆ. ಅಷ್ಟೇ ದೂರ ಜಾಬ್ ಹೊರಕ್ಕೆ ಹೋಗುತ್ತದೆ! ನೋಡಿದ ಕೂಡಲೇ ಎಲ್ಲರಿಗೂ ಅನ್ನಿಸುವುದು, ತುದಿ ಅಂಚು ಮೊದಲು ಹಿಡಿದರೆ ಅದು ಕೊಕ್ಕೆಯ ಹಾಗೆ ಒಳಕ್ಕೆ ಎಳೆಯುತ್ತದೆ ಅಂತ. ಆಗುವುದು ಅದರ ವಿರುದ್ಧ. ಪಿನ್ ಎಷ್ಟು ಹಿಂದಿದೆ ಅನ್ನೋದರ ಮೇಲೆ ಎಳೆತ ನಿಂತಿದೆ, ಓರೆ ಯಾವ ಕಡೆ ಅನ್ನೋದರ ಮೇಲೆ ದಿಕ್ಕು ನಿಂತಿದೆ. ಇಂಥ ಕಡೆ ‘ಡಿಸೈನ್ ಆಯ್ಕೆ’ ಅಂತ ಬರೆಯುವುದು ಅಂದ್ರೆ ಯಾರೂ ಕೂತು ಚಿತ್ರ ಬಿಡಿಸಿ ನೋಡಲಿಲ್ಲ ಅಂತ ಅರ್ಥ. ಯಾವುದನ್ನು ಹೇಗೆ ಹಾಕಿದರೂ ಕೆಲಸ ಒಂದೇ ಆಗುವ ಕಡೆ ಆ ಮಾತು ಒಪ್ಪುತ್ತದೆ. ಜಾಗ ಬದಲಾದರೆ ಕೆಲಸವೇ ತಿರುಗಿ ನಿಲ್ಲುವ ಕಡೆ ಒಪ್ಪುವುದಿಲ್ಲ.

ಇನ್ನೂ ಒಂದಿದೆ. ಮೊದಲ ದಾಖಲೆಯ ಗ್ರಿಪ್ಪರ್‌ನಲ್ಲಿ ದವಡೆಗಳ ನಡುವೆ ಬಾಡಿಯ ಮೇಲೆ ಒಂದು ಸ್ಪ್ರಿಂಗ್ ಪ್ಲಂಜರ್ ಇದೆ. ದವಡೆ ಬಿಟ್ಟಾಗ ಎಣ್ಣೆ ಮೆತ್ತಿದ ಜಾಬ್ ಅಂಟಿಕೊಳ್ಳದಂತೆ ಅದು ಹೊರಕ್ಕೆ ತಳ್ಳುತ್ತದೆ. ಅಂಥ ಗ್ರಿಪ್ಪರ್‌ಗೆ ಜಾಬನ್ನು ಒಳಕ್ಕೆ ಎಳೆಯುವ ಪ್ಯಾಡ್ ಹಾಕಿದರೆ ಎರಡೂ ಒಂದರ ವಿರುದ್ಧ ಒಂದು ಕೆಲಸ ಮಾಡುತ್ತವೆ. ಆಗ ಪ್ಲಂಜರ್ ತೆಗೆಯಬೇಕಾ, ಮೆದು ಮಾಡಬೇಕಾ, ಯಾಕೆ ಮಾಡುತ್ತಾರೆ? ವರದಿಯಲ್ಲಿ ಪ್ಲಂಜರ್‌ನ ಹೆಸರೇ ಇಲ್ಲ. ಅಮೆರಿಕದ 1984ರ ಗಾರ್ಡನ್ ತೀರ್ಪು ಇಂಥದ್ದೇ ಪ್ರಶ್ನೆಯದು. ರಕ್ತ ಸೋಸುವ ಒಂದು ಫಿಲ್ಟರ್‌ನ ಅರ್ಜಿಯನ್ನು ತಿರಸ್ಕರಿಸುವಾಗ ಪೇಟೆಂಟ್ ಕಚೇರಿ ಹೇಳಿದ್ದು, ಪೆಟ್ರೋಲ್ ಸೋಸುವ ಹಳೆಯ ಸಾಧನವನ್ನು ತಲೆಕೆಳಗು ಮಾಡಿದರೆ ಇದೇ ಬರುತ್ತದೆ ಅಂತ. ತಲೆಕೆಳಗು ಮಾಡಿದರೆ ಆ ಹಳೆಯ ಸಾಧನ ತನ್ನ ಕೆಲಸವನ್ನೇ ಮಾಡುವುದಿಲ್ಲ, ಹಾಗೆ ಮಾಡಲು ಯಾರಿಗೆ ಮನಸ್ಸು ಬರುತ್ತದೆ ಅಂತ ಕೋರ್ಟು ಒಪ್ಪಲಿಲ್ಲ. ಈ ತೀರ್ಪು ಇವರ ವರದಿಯ ಕಾನೂನು ಭಾಗದಲ್ಲೇ ಇತ್ತು, ಕ್ಲೇಮ್ 4ರ ಪ್ಯಾರಾಕ್ಕೆ ಬರುವಷ್ಟರಲ್ಲಿ ಮರೆತೇ ಹೋಗಿತ್ತು.

ಕಾನೂನು ಭಾಗದ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಅದು ಚೆನ್ನಾಗಿತ್ತು. ಹಿಡಿಯುವ ಸಾಧನಗಳು ಈ ಕಾನೂನನ್ನು ಕಟ್ಟಿದ ರೀತಿ ನೋಡಿದರೆ ಆಶ್ಚರ್ಯ ಆಗುತ್ತದೆ. ಅಮೆರಿಕದಲ್ಲಿ ಆಬ್ವಿಯಸ್ ಅನ್ನೋದನ್ನು ಹೇಗೆ ಅಳೆಯಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ ಗ್ರಹಾಂ ವಿರುದ್ಧ ಜಾನ್ ಡೀರ್ ತೀರ್ಪು 1966ರದ್ದು, ಅದರ ವಿಷಯ ಒಂದು ನೇಗಿಲಿನ ಕ್ಲಾಂಪ್. ಕಲ್ಲು ತುಂಬಿದ ನೆಲದಲ್ಲಿ ನೇಗಿಲಿನ ಕಾಲು ಮುರಿಯದಂತೆ ಬಾಗಲು ಬಿಡುವ ಕ್ಲಾಂಪ್ ಅದು. ಹಳೆಯದರಲ್ಲಿ ಹಿಂಜ್ ಪ್ಲೇಟಿನ ಮೇಲಿದ್ದ ಕಾಲನ್ನು ಗ್ರಹಾಂ ಕೆಳಗೆ ತಂದರು. ಅಷ್ಟು ಅದಲುಬದಲು ಆ ಕೆಲಸದವರಿಗೆ ಹೊಳೆಯುವಂಥದ್ದೇ ಅಂತ ಕೋರ್ಟು ಪೇಟೆಂಟನ್ನು ಬೀಳಿಸಿತು. ಹಳೆಯದರಲ್ಲಿ ಏನೇನಿತ್ತು, ಇದರಲ್ಲಿ ವ್ಯತ್ಯಾಸ ಏನು, ಆ ಕೆಲಸದವರ ಸಾಮಾನ್ಯ ಮಟ್ಟ ಎಷ್ಟು ಅಂತ ನೋಡಿ, ಜೊತೆಗೆ ಮಾರಾಟದ ಯಶಸ್ಸು, ಬಹಳ ಕಾಲದಿಂದ ತೀರದ ಕೊರತೆ, ಬೇರೆಯವರು ಸೋತದ್ದು ಇಂಥ ಹೊರಗಿನ ಸಾಕ್ಷಿಯನ್ನೂ ನೋಡಿ ಅಂತ ಹೇಳಿದ್ದು ಅಲ್ಲೇ.

ಭಾರತದ ದೊಡ್ಡ ತೀರ್ಪು ಕೂಡ ಹಿಡಿಯುವ ಸಾಧನದ್ದೇ! ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್, ಸುಪ್ರೀಂ ಕೋರ್ಟ್, 1978ರ ಡಿಸೆಂಬರ್. ಪಾತ್ರೆಗಳನ್ನು ಲೇತ್‌ನಲ್ಲಿ ತಿರುಗಿಸುವಾಗ ಅವು ಹಿಡಿತದಿಂದ ಹಾರಿ ಕೆಲಸಗಾರರಿಗೆ ಪೆಟ್ಟಾಗುವ ಅಪಾಯ ಇತ್ತು. ಅದಕ್ಕೆ ಎದುರಿನ ಟೇಲ್‌ಸ್ಟಾಕ್ ಕಡೆಯಿಂದ ಸ್ಪಿಂಡಲ್ ಒತ್ತಿ ಹಿಡಿಯುವ ವ್ಯವಸ್ಥೆಗೆ ಪೇಟೆಂಟ್ ಆಗಿತ್ತು. ಲೇತ್ ಗೊತ್ತಿರುವವರಿಗೆ ಆ ಒತ್ತುವ ಸ್ಪಿಂಡಲ್ ಹೊಸದೇನಲ್ಲ, ಇದು ಬರೀ ವರ್ಕ್‌ಶಾಪ್ ಸುಧಾರಣೆ, ಅದಕ್ಕಿಂತ ಜಾಸ್ತಿ ಏನಾದರೂ ಇರಬೇಕು ಅಂತ ಕೋರ್ಟು ಅದನ್ನು ರದ್ದು ಮಾಡಿತು. ಇವತ್ತಿನ ಕಾಯ್ದೆಯಲ್ಲಿ ಇದು 2(1)(ಜೆಎ) ಕಲಂ. ಮೊದಲಿದ್ದ ತಿಳಿವಿಗಿಂತ ತಾಂತ್ರಿಕ ಮುನ್ನಡೆ ಇರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು, ಮತ್ತು ಅದರಿಂದಾಗಿ ಆ ಕೆಲಸ ಗೊತ್ತಿರುವವನಿಗೆ ಅದು ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು. ಇದರ ಪಕ್ಕದಲ್ಲೇ 3(ಎಫ್) ಕೂಡ ಇದೆ, ಗೊತ್ತಿರುವ ಸಾಧನಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಾ ಸುಮ್ನೆ ಪಕ್ಕಪಕ್ಕ ಕೂತಿದ್ದರೆ ಅದು ಆವಿಷ್ಕಾರವೇ ಅಲ್ಲ ಅನ್ನುವ ಕಲಂ. ವರದಿ ಇದನ್ನು ಕ್ಲೇಮ್ 1ಕ್ಕೆ ಹಚ್ಚಲು ನೋಡಿತ್ತು. ನನಗೆ ಅದು ಅಷ್ಟು ಒಪ್ಪಿಗೆ ಆಗಲಿಲ್ಲ. ಬೆಣೆ ಒತ್ತಿದ್ದಕ್ಕೇ ಪ್ಯಾಡ್ ತಿರುಗುವುದು, ಎರಡೂ ಒಂದಕ್ಕೊಂದು ಸಂಬಂಧ ಇಲ್ಲದೆ ಕೂತಿಲ್ಲ. ಆಬ್ವಿಯಸ್ ಅನ್ನುವ ವಾದವೇ ಸಾಕಿತ್ತು.

ಎಷ್ಟು ದೂರದ ಕ್ಷೇತ್ರದಿಂದ ದಾಖಲೆ ತರಬಹುದು ಅನ್ನೋದಕ್ಕೂ ಕ್ಲಾಂಪ್‌ನದೇ ಒಂದು ತೀರ್ಪಿದೆ. ಅಮೆರಿಕದ 1992ರ ಓಟಿಕರ್. ಪೈಪ್ ಬಿಗಿಯುವ ಲೋಹದ ಹೋಸ್ ಕ್ಲಾಂಪ್ ಅದು, ಅದರ ಕೊಕ್ಕೆ ಆಬ್ವಿಯಸ್ ಅಂತ ತೋರಿಸಲು ಪರೀಕ್ಷಕರು ಬಟ್ಟೆಯ ಕೊಕ್ಕೆಯ ಪೇಟೆಂಟ್ ತಂದರು. ಹೋಸ್ ಕ್ಲಾಂಪ್ ಮಾಡುವವನು ತನ್ನ ತೊಂದರೆಗೆ ಬಟ್ಟೆಯ ಕೊಕ್ಕೆ ಹುಡುಕಿಕೊಂಡು ಹೋಗುತ್ತಾನೆ ಅಂತ ಯಾರೂ ತೋರಿಸಲಿಲ್ಲ ಅಂತ ಕೋರ್ಟು ಆ ತಿರಸ್ಕಾರವನ್ನು ತೆಗೆದುಹಾಕಿತು. ನಮ್ಮ ವಿಷಯದಲ್ಲಿ ಜಿ ಕ್ಲಾಂಪ್‌ಗೆ ಈ ತೊಂದರೆ ಇಲ್ಲ, ಗ್ರಿಪ್ಪರ್ ಡಿಸೈನ್ ಮಾಡುವವನು ಕ್ಲಾಂಪ್ ನೋಡದೆ ಇರುವುದಿಲ್ಲ. ಹಾಗೆಯೇ 2007ರ ಕೆಎಸ್‌ಆರ್ ತೀರ್ಪು ಬಂದ ಮೇಲೆ ಅಮೆರಿಕದಲ್ಲಿ ಸೇರಿಸುವ ಸೂಚನೆ ಯಾವುದೋ ಕಾಗದದಲ್ಲಿ ಬರೆದೇ ಇರಬೇಕು ಅಂತಿಲ್ಲ. ಕಾರಿನ ಪೆಡಲ್‌ಗೆ ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿದ ಪೇಟೆಂಟ್ ಬಿದ್ದದ್ದು ಅದರಲ್ಲಿ. ಸಾಮಾನ್ಯ ಎಂಜಿನಿಯರ್ ಯಂತ್ರ ಅಲ್ಲ, ಅವನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆ ಅಂತ ಕೋರ್ಟು ಹೇಳಿತು. ಆದರೆ ಕಾರಣ ಬಿಡಿಸಿ ಹೇಳಬೇಕು ಅನ್ನೋದನ್ನು ಅದೇ ತೀರ್ಪು ಕೈಬಿಡಲಿಲ್ಲ. ಇವರ ಮೊದಲ ವರದಿ ಮೊದಲರ್ಧವನ್ನು ಹಿಡಿದುಕೊಂಡು ಎರಡನೇ ಅರ್ಧವನ್ನು ಬಿಟ್ಟಿತ್ತು.

ಯುರೋಪಿನ ಭಾಗ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಲ್ಲಿನ ಪದ್ಧತಿಯಲ್ಲಿ ಹತ್ತಿರದ ಒಂದು ದಾಖಲೆ ಇಟ್ಟುಕೊಂಡು, ಅದಕ್ಕೂ ಕ್ಲೇಮ್‌ಗೂ ಇರುವ ವ್ಯತ್ಯಾಸ ನೋಡಿ, ಆ ವ್ಯತ್ಯಾಸದಿಂದ ಏನು ಉಪಯೋಗ ಆಗುತ್ತದೆ ಅಂತ ತಿಳಿದು, ಅದರಿಂದ ತೊಂದರೆ ಏನಿತ್ತು ಅಂತ ಬರೆಯುತ್ತಾರೆ. ಆಮೇಲೆ ಕೇಳುವುದು, ಎಂಜಿನಿಯರ್ ಹಾಗೆ ಮಾಡಲು ಆಗುತ್ತಿತ್ತಾ ಅಂತಲ್ಲ, ಮಾಡುತ್ತಿದ್ದನಾ ಅಂತ. ಕ್ಲೇಮ್ 4ಕ್ಕೆ ಈ ಒಂದು ಪ್ರಶ್ನೆ ಹಾಕಿದ್ದರೆ ಸಾಕಿತ್ತು. ಓರೆ ಪ್ಯಾಡ್ ಮಾಡಲು ಯಾರಿಗಾದರೂ ಆಗುತ್ತಿತ್ತು, ಕಷ್ಟದ ಕೆಲಸ ಅಲ್ಲ. ಪ್ಲಂಜರ್ ಹೊರಕ್ಕೆ ತಳ್ಳುತ್ತಿರುವ ಗ್ರಿಪ್ಪರ್ ಮುಂದಿಟ್ಟುಕೊಂಡವನು ಮಾಡುತ್ತಿದ್ದನಾ? ಪೇಟೆಂಟ್ ಓದಿದ ಮೇಲೆ ಎಲ್ಲ ಸುಲಭ ಅನ್ನಿಸುತ್ತದೆ, ಆ ಕಾಗದವನ್ನು ಮುಚ್ಚಿಟ್ಟು ಅಂದಿನ ದಿನಕ್ಕೆ ಹೋಗಿ ನಿಂತು ಯೋಚನೆ ಮಾಡುವುದೇ ಈ ಕೆಲಸದ ಕಷ್ಟ, ಅದಕ್ಕೇ ನಾವು ಬೇರೆಯವರಿಗೆ ದುಡ್ಡು ಕೊಡುವುದು.

ಇವನ್ನೆಲ್ಲ ಬರೆದು ಕಳಿಸಿದೆವು. ಇಲ್ಲಿ ಆ ಸಂಸ್ಥೆಗೆ ಪೂರ್ತಿ ಮೆಚ್ಚುಗೆ ಕೊಡುತ್ತೇನೆ. ಜಗಳ ಮಾಡಲಿಲ್ಲ, ಹೆಚ್ಚುವರಿ ಬಿಲ್ ಕಳಿಸಲಿಲ್ಲ. ವರದಿ ಬರೆದವರೇ ಫೋನಿನಲ್ಲಿ ಮಾತಾಡಿದರು, ನಡುವೆ ಮಾರಾಟದವರನ್ನು ಕೂರಿಸಲಿಲ್ಲ. ಬೆಣೆ ಎಷ್ಟು ಡಿಗ್ರಿ, ಪ್ಯಾಡ್ ಯಾವ ಮೆಟೀರಿಯಲ್ ಅಂತೆಲ್ಲ ಕೇಳಿದರು. ಎರಡನೇ ವರದಿಯಲ್ಲಿ ಕ್ಲೇಮ್ 4ಕ್ಕೆ ಪ್ರತ್ಯೇಕ ಅಧ್ಯಾಯವೇ ಬಂತು, ಪ್ಯಾಡ್ ತೆರೆದಾಗ ಮತ್ತು ಮುಚ್ಚಿದಾಗ ಹೇಗೆ ನಿಲ್ಲುತ್ತದೆ ಅನ್ನುವ ಎರಡು ಚಿತ್ರವೂ ಬಂತು. ಓರೆ ಪ್ಯಾಡ್ ಇರುವ ಹಳೆಯ ದಾಖಲೆಗಾಗಿ ಮತ್ತೆ ಹುಡುಕಿದ್ದರು. ಹತ್ತಿರದ್ದೇನೋ ಒಂದು ಸಿಕ್ಕಿತ್ತು, ಆದರೆ ಅದರಲ್ಲಿ ಪ್ಯಾಡ್‌ನ ಓರೆ ಜಾಬ್ ಸುಲಭವಾಗಿ ಒಳಗೆ ಬರಲಿ ಅಂತ ಇತ್ತು, ತಿರುಗುವ ಪಿನ್ ಇರಲಿಲ್ಲ. ಈ ಸಾಕ್ಷಿಯ ಮೇಲೆ ಕ್ಲೇಮ್ 4 ಆಬ್ವಿಯಸ್ ಅಂತ ತೋರಿಸಲು ಆಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದರು. ಗಿರಾಕಿಗೆ ಬೇಡದ ಉತ್ತರವನ್ನು ನೇರವಾಗಿ ಬರೆಯುವುದು ಸಣ್ಣ ವಿಷಯ ಅಲ್ಲ.

ಉಳಿದ ಕೊರತೆಗಳು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕ್ಯಾಟಲಾಗ್ ಸೇರಿಸಿದ್ದರು, ಅದರ ಮೇಲೆ ದಿನಾಂಕವೇ ಇಲ್ಲ. ಪ್ರಯಾರಿಟಿ ದಿನಾಂಕಕ್ಕಿಂತ ಮುಂಚೆ ಅದು ಜನರ ಕೈಗೆ ಬಂದಿತ್ತು ಅಂತ ತೋರಿಸದಿದ್ದರೆ ಅದು ಬರೀ ಕಾಗದ. ಕೇಳಿದ ಮೇಲೆ ತೆಗೆದರು. ಮಾರಾಟದ ಯಶಸ್ಸಿನ ಬಗ್ಗೆ ಒಂದೇ ಸಾಲು ಇತ್ತು: ‘ಯಾವ ಸಾಕ್ಷಿಯೂ ಕಾಣಲಿಲ್ಲ’. ಹುಡುಕಿ ಸಿಗಲಿಲ್ಲವೋ, ಹುಡುಕಲೇ ಇಲ್ಲವೋ ಗೊತ್ತಾಗುವುದಿಲ್ಲ. ಎರಡನೇ ವರದಿಯಲ್ಲೂ ಇದು ಹಾಗೇ ಉಳಿದಿದೆ, ನಾನು ಅಂಕ ಕಡಿದದ್ದರಲ್ಲಿ ಇದೂ ಒಂದು. ಎದುರಿನವರು ನಾಳೆ ‘ನಮ್ಮ ಗ್ರಿಪ್ಪರ್ ಬಂದ ಮೇಲೆ ಎಲ್ಲರೂ ಇದನ್ನೇ ನಕಲು ಮಾಡಿದರು’ ಅಂತ ಬಂದರೆ, ಆ ಯಶಸ್ಸು ಪ್ಯಾಡ್‌ನಿಂದ ಬಂದದ್ದೋ ಬೆಲೆಯಿಂದ ಬಂದದ್ದೋ ಅಂತ ಕೇಳಲು ನಮ್ಮ ಕೈಯಲ್ಲಿ ಏನಾದರೂ ಇರಬೇಕು ಅಲ್ವಾ? ಇನ್ನು ‘ಸಾಮಾನ್ಯ ಎಂಜಿನಿಯರ್’ ಯಾರು ಅನ್ನೋದಕ್ಕೆ ಡಿಗ್ರಿ ಮತ್ತು ಕೆಲವು ವರ್ಷದ ಅನುಭವ ಅಂತ ಎಲ್ಲ ವರದಿಯಲ್ಲೂ ಇರುವ ಸಾಲನ್ನೇ ಹಾಕಿದ್ದರು. ಗ್ರಿಪ್ಪರ್ ವಿಷಯದಲ್ಲಿ ಆ ವ್ಯಕ್ತಿ ಟೂಲ್ ರೂಮಿನಲ್ಲಿ ಜಿಗ್ ಫಿಕ್ಸ್ಚರ್ ಮಾಡಿದವನೋ, ರೋಬೋಟ್ ಪ್ರೋಗ್ರಾಂ ಮಾತ್ರ ಮಾಡಿದವನೋ ಅನ್ನೋದರ ಮೇಲೆ ಉತ್ತರ ಬದಲಾಗಬಹುದು.

ಯಾವಾಗ ತರಿಸಬೇಕು ಅಂತ ಕೇಳುವವರಿಗೆ: ಬೇಗ. ಭಾರತದಲ್ಲಿ ಅರ್ಜಿ ಪ್ರಕಟವಾಗಿ ಪೇಟೆಂಟ್ ಸಿಗುವ ತನಕ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಸಿಕ್ಕಿದ ಮೇಲೆ, ಅದು ಪ್ರಕಟವಾದ ದಿನದಿಂದ 1 ವರ್ಷದೊಳಗೆ ಆಸಕ್ತಿ ಇರುವವರು ಸಲ್ಲಿಸಬಹುದು. ಯುರೋಪಿನಲ್ಲಿ ಆ ಅವಧಿ 9 ತಿಂಗಳು. ಅಮೆರಿಕದಲ್ಲೂ ಪೋಸ್ಟ್ ಗ್ರಾಂಟ್ ರಿವ್ಯೂಗೆ (ಸಿಕ್ಕ ಪೇಟೆಂಟನ್ನು ಪೇಟೆಂಟ್ ಕಚೇರಿಯಲ್ಲೇ ಪ್ರಶ್ನಿಸುವ ದಾರಿ) 9 ತಿಂಗಳು, ಆಮೇಲೆ ಇನ್ನೊಂದು ದಾರಿ ಇದೆ, ಆದರೆ ಅದರಲ್ಲಿ ಪೇಟೆಂಟ್ ಮತ್ತು ಮುದ್ರಿತ ದಾಖಲೆಗಳ ಆಧಾರದ ಮೇಲೆ ಮಾತ್ರ ವಾದ ಮಾಡಬಹುದು. ಅವಧಿ ಮುಗಿದ ಮೇಲೆ ಎಷ್ಟು ಒಳ್ಳೆಯ ವರದಿ ಇದ್ದರೂ ಕೋರ್ಟಿನ ದೊಡ್ಡ ಖರ್ಚಿನ ದಾರಿಯೇ ಗತಿ ಆಗಬಹುದು. ಮತ್ತು ವರದಿ ಅಂದ್ರೆ ಅಭಿಪ್ರಾಯ, ತೀರ್ಪಲ್ಲ. ಕ್ಲೇಮ್ 1 ಆಬ್ವಿಯಸ್ ಅಂತ ನಮ್ಮ ಕೈಯಲ್ಲಿ ಕಾಗದ ಇದ್ದರೂ ಯಾರಾದರೂ ಹೋಗಿ ರದ್ದು ಮಾಡಿಸುವ ತನಕ ಆ ಕ್ಲೇಮ್ ದಾಖಲೆಯಲ್ಲಿ ಜೀವಂತ ಇರುತ್ತದೆ.

ನಾವು ಕೊನೆಗೆ ಮಾಡಿದ್ದು, ಪಟ್ಟಿ ಸ್ಪ್ರಿಂಗನ್ನು ಡ್ರಾಯಿಂಗ್‌ನಿಂದ ತೆಗೆದೆವು. ತಿರುಗುವ ಪ್ಯಾಡ್ ಉಳಿಸಿಕೊಂಡು ಕ್ಲೇಮ್ 1ರ ಮೇಲೆ ವಿರೋಧ ಸಲ್ಲಿಸಲು ವಕೀಲರಿಗೆ ಕೊಟ್ಟಿದ್ದೇವೆ. ಅವರು ಇವರ ಕ್ಲೇಮ್ ಚಾರ್ಟನ್ನು ಹೆಚ್ಚೇನೂ ತಿದ್ದದೆ ಬಳಸಿಕೊಳ್ಳುತ್ತಿದ್ದಾರೆ, ಅದೇ ಆ ಚಾರ್ಟಿಗೆ ಸರ್ಟಿಫಿಕೇಟ್.

ಮುಂದಿನ ಸಲವೂ ಇವರಿಗೇ ಕೊಡುತ್ತೇನೆ. ಆದರೆ ಕೆಲಸ ಕೊಡುವ ಮೊದಲ ಮೇಲ್‌ನಲ್ಲೇ ಬರೆಯುತ್ತೇನೆ: ಪ್ರತಿ ಕ್ಲೇಮ್‌ಗೂ ಸೇರಿಸುವ ಕಾರಣವನ್ನು ಬೇರೆಯಾಗಿ ಬರೆಯಿರಿ, ಆ ಕಾರಣ ಯಾವ ದಾಖಲೆಯಿಂದ ಅಥವಾ ಯಾವ ಸಾಮಾನ್ಯ ತಿಳಿವಿನಿಂದ ಬಂತು ಅಂತ ತೋರಿಸಿ, ಸೇರಿಸಿದಾಗ ಹಳೆಯ ಸಾಧನದ ಯಾವ ಭಾಗ ಅಡ್ಡ ಬರುತ್ತದೆ ಅಂತ ಹೇಳಿ, ‘ಡಿಸೈನ್ ಆಯ್ಕೆ’ ಅಂತ ಬರೆಯುವ ಕಡೆಯೆಲ್ಲ ಒಂದು ಚಿತ್ರ ಹಾಕಿ. ನೀವು ಬೇರೆ ಯಾರ ಹತ್ತಿರ ತರಿಸುವುದಾದರೂ ಈ ನಾಲ್ಕು ಸಾಲನ್ನು ಹಾಗೇ ಕಾಪಿ ಮಾಡಿ ಕಳಿಸಿ.